ಎರಡೂ ತುದಿಯ ತಿದ್ದುಪಡಿ

ಜನವರಿ ೧೧

ಆ ತುದಿಯವಳಿಗೆ,

ಫೋನಿನಲ್ಲಿ ಮಾತಿಗೆ ಕುಳಿತರೆ ನಮ್ಮಿಬ್ಬರಿಗೂ ಐದನೆಯ ವಾಕ್ಯಕ್ಕೇ ಜಗಳ. ಮೊಬೈಲಿನ ಸಂದೇಶವಾದರೆ ನೀನು ಒಂದಕ್ಕೆ ಎಂಟು ಕಳಿಸುತ್ತೀಯ, ನಾನು ಒಂದಕ್ಕೂ ಉತ್ತರಿಸುವುದಿಲ್ಲ, ಅದೂ ಜಗಳವೇ. ಕೊನೆಗೆ ಅತ್ತೆಯೇ ತೀರ್ಪು ಕೊಟ್ಟರು. "ಕಾಗದ ಬರ್ಕೊಳ್ರೇ ಇಬ್ರೂ. ಬರೆದು ಮುಗಿಸೋ ಹೊತ್ತಿಗೆ ಸಿಟ್ಟು ಇಳಿದಿರುತ್ತೆ." ಗಾಜಿನ ಎಳೆಯೊಳಗೆ ಬೆಳಕು ಓಡಿಸಿ ಸಂಬಳ ತಿನ್ನುವ ನಾವು ಅಂಚೆಯವನ ದಾರಿ ಕಾಯಬೇಕು. ಯಾರಾದರೂ ನಕ್ಕರೆ ನಗಲಿ.

ಮೊದಲು ಮನೆಯ ಸುದ್ದಿ. ಕೋರ್ಟಿನ ಕಾಗದ ಬಂತು. ನಿನ್ನ ಅಣ್ಣ ಬಿಟ್ಟುಹೋದದ್ದು ಯಾವಾಗಲೋ. ಈಗ ಅದಕ್ಕೆ ಮೊಹರು ಬಿದ್ದಿದೆ. ಓದಿದೆ, ಮಡಿಸಿದೆ, ಬಟ್ಟೆಯ ಬೀರುವಿನಲ್ಲಿಟ್ಟೆ. ಆದ್ದರಿಂದ ಇನ್ನು ಮುಂದೆ ನೀನು ನನ್ನನ್ನು ಅತ್ತಿಗೆ ಎನ್ನಬೇಕಾಗಿಲ್ಲ. ಹೆಸರು ಹಿಡಿದು ಕರೆ, ಮೇಡಂ ಅನ್ನು, ನಿನ್ನಿಷ್ಟ. ನಿನ್ನ ಅಮ್ಮನನ್ನು ನಾನು ಅತ್ತೆ ಎನ್ನುವುದನ್ನು ಮಾತ್ರ ಈ ವಯಸ್ಸಿನಲ್ಲಿ ಬದಲಿಸಲಾರೆ, ಅದಕ್ಕೆ ಕ್ಷಮೆಯಿರಲಿ.

ಇನ್ನು ಕೆಲಸ. ನಿನ್ನೆ ನಮ್ಮ ಕೇಂದ್ರದಿಂದ ಹೊಸ ಲೈನಿಗೆ ಮೊದಲ ಬೆಳಕು ಬಿಟ್ಟೆವು. ಅದು ನಿನ್ನ ಕೇಂದ್ರಕ್ಕೆ ಹೇಗೆ ಬಂದು ಮುಟ್ಟಿತು ಎಂದು ವರದಿ ಬರುವವರೆಗೆ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಲೆಕ್ಕದ ಪ್ರಕಾರ ಹರಡಿಕೊಂಡೇ ಬಂದಿರಬೇಕು. ಅತ್ತೆ "ಅದೇನೇ ಅದು, ಗೋಡೆ ನೋಡ್ಕೊಂಡು ಗೊಣಗ್ತೀಯ" ಎಂದರು. ಸಮೀಕರಣವನ್ನು ಬಾಯಲ್ಲೇ ಹೇಳಿದೆ. ಎಡಗಡೆ, ಬೆಳಕು ಮುಂದೆ ಹೋದ ಹಾಗೆ ಏನಾಗುತ್ತದೆ ಎಂಬುದು. ಬಲಗಡೆ ಮೂರು ತೊಂದರೆಗಳು. ಒಂದು, ಮಂಕಾಗುತ್ತದೆ; ಅದಕ್ಕೆ ದಾರಿಯುದ್ದಕ್ಕೂ ಶಕ್ತಿ ತುಂಬುವ ಪೆಟ್ಟಿಗೆಗಳಿವೆ. ಎರಡು, ಹರಡುತ್ತದೆ, ಶಾಲೆಯ ಗೇಟು ತೆರೆದಾಗ ಮಕ್ಕಳೆಲ್ಲ ಒಟ್ಟಿಗೇ ಹೊರಟರೂ ಓಡುವವರು ಮುಂದಾಗಿ, ಕಾಲೆಳೆಯುವವರು ಹಿಂದಾಗಿ, ತಿರುವು ತಲುಪುವಾಗ ಗುಂಪು ಉದ್ದನೆಯ ಸಾಲಾಗಿರುತ್ತದಲ್ಲ, ಬೆಳಕಿನೊಳಗಿನ ಬಣ್ಣಗಳೂ ಹಾಗೆಯೇ. ಮೂರು, ಬೆಳಕು ಜೋರಾದರೆ ಗಾಜೇ ಬದಲಾಗುತ್ತದೆ, ಬದಲಾದ ಗಾಜು ಬೆಳಕನ್ನೇ ಕೆಡಿಸುತ್ತದೆ.

"ಮೂರನೇದು ನಿಮ್ಮಿಬ್ಬರ ಫೋನು" ಎಂದರು ಅತ್ತೆ. ಇಸ್ಪೀಟಿನಲ್ಲಿ ಮೋಸ ಮಾಡುವುದನ್ನು ಬಿಟ್ಟರೆ ಆರೋಗ್ಯವಾಗಿದ್ದಾರೆ.

ಇತಿ,
ಈ ತುದಿಯವಳು

ಜನವರಿ ೨೨

ಅತ್ತಿಗೆ, ಅತ್ತಿಗೆ, ಅತ್ತಿಗೆ,

ಮೂರು ಸಲ ಬರೆದಿದ್ದೇನೆ. ಏನು ಮಾಡುತ್ತೀರಿ? ಕೋರ್ಟಿಗೆ ಹೋಗುತ್ತೀರಾ?

ನಿಮ್ಮ ಬೆಳಕು ಬಂತು. ಪುಣ್ಯಾತ್ಗಿತ್ತಿ, ಅದನ್ನು ಪಲ್ಸು, ಅಂದರೆ ಬೆಳಕಿನ ಚೂಪು ಮಿಡಿತ, ಎನ್ನಬೇಕೋ ಒಣಗಲು ಹಾಕಿದ ಸೀರೆ ಎನ್ನಬೇಕೋ ತಿಳಿಯಲಿಲ್ಲ. ಒಂದರ ಮೇಲೊಂದು ಹರಡಿಕೊಂಡು, ಯಾವುದು ಎಲ್ಲಿ ಮುಗಿಯಿತು ಎಂದೇ ಗೊತ್ತಾಗುವುದಿಲ್ಲ. ನಿಮ್ಮ ಮುಖ್ಯಸ್ಥರು "ಹರಡಿದ್ದನ್ನು ಪಡೆಯುವ ತುದಿಯಲ್ಲೇ ಒಟ್ಟುಮಾಡಿಕೊಳ್ಳಿ" ಎಂದು ನಮಗೆ ಬರೆದಿದ್ದಾರೆ. ಒಟ್ಟುಮಾಡುವ ಪೆಟ್ಟಿಗೆ ಸತ್ತಿದೆ ಎಂದು ನಾನು ಎಲ್ಲಿ ಹೋಗಿ ಅಳಲಿ? ನಾನು ಇಲ್ಲಿಗೆ ಬರುವ ಮೊದಲೇ ಸತ್ತಿತ್ತು. ನಮ್ಮ ಸಾಹೇಬರಿಗೆ ನಾನು ಗಡಿಯಾರ ಎಂದು ಹೆಸರಿಟ್ಟಿದ್ದೇನೆ. ಮಾತಾಡುವಾಗ ಮುಖ ನೋಡುವುದಿಲ್ಲ, ಕೈಗಡಿಯಾರ ನೋಡುತ್ತಾರೆ. "ಮೇ ತಿಂಗಳ ಒಳಗೆ ಲೈನು ಪಾಸಾಗ್ಬೇಕು. ಆಗದಿದ್ರೆ ನಿಮ್ಮ ಹುದ್ದೆ ಬಗ್ಗೆ ನಾನೇನೂ ಹೇಳಲಾರೆ" ಎಂದರು. ಹೇಳಲಾರೆ ಎನ್ನುತ್ತಲೇ ಎಲ್ಲ ಹೇಳಿದರು.

ಪಾಸಾದರೆ ಮಾತ್ರ ಬೇರೆಯೇ ಕಥೆ. ಹುದ್ದೆ ಕಾಯಂ ಆಗುತ್ತದೆ, ಎರಡು ಕೋಣೆಯ ಮನೆ ಕೊಡುತ್ತಾರೆ. ಆಗ ಅಮ್ಮನನ್ನು ನಾನು ಕರೆಸಿಕೊಳ್ಳಬಹುದು. ಅಣ್ಣ ಮಾಡಿದ ಕೆಲಸಕ್ಕೆ ನೀವು ಅವನ ತಾಯಿಯನ್ನೂ ಹೊತ್ತುಕೊಂಡು ತಿರುಗಬೇಕೆಂದು ಎಲ್ಲಿದೆ? ನಿಮ್ಮ ಹೆಗಲು ಹಗುರವಾಗಬೇಕು. ನಿಮ್ಮದೂ ಒಂದು ಬಾಳಿದೆ. ಇದನ್ನು ಫೋನಿನಲ್ಲಿ ಹೇಳಲು ಹೊರಟರೆ ನನ್ನ ಗಂಟಲು ಏರಿಬಿಡುತ್ತದೆ, ಅದಕ್ಕೇ ಇಲ್ಲಿ ಬರೆದೆ.

ಅಮ್ಮನಿಗೆ ಇನ್ನೂ ಹೇಳಬೇಡಿ. ಪಾಸಾಗಲಿ.

ನಿಮ್ಮ (ಕೇಳಿಸಿತಾ, ನಿಮ್ಮ) ನಾದಿನಿ

ಫೆಬ್ರುವರಿ ೨

ಆ ತುದಿಯವಳಿಗೆ,

ನಿನ್ನ ಕಾಗದ ತಲುಪಿತು. ನೀನು ಹೇಳಿದ್ದು ನ್ಯಾಯವಾಗಿದೆ. ತಾಯಿ ಮಗಳ ಬಳಿ ಇರುವುದು ಸರಿಯಾದದ್ದು. ನನ್ನದೇನೂ ಅಡ್ಡಿಯಿಲ್ಲ. ಅವರ ಉಣ್ಣೆಯ ಬಟ್ಟೆಗಳನ್ನು ಈಗಿನಿಂದಲೇ ಬೇರೆ ಮಾಡಿ ಇಡುತ್ತೇನೆ. ನಿನ್ನ ಕಡೆ ಚಳಿ ಹೆಚ್ಚು. ಮಂಡಿಗೆ ಹಚ್ಚುವ ಎಣ್ಣೆ ಎರಡು ಶೀಶೆ ತಂದಿಟ್ಟಿದ್ದೇನೆ.

ಈ ವಾರ ಮನೆಯ ಪಾತ್ರೆಯ ಕಪಾಟನ್ನು ಮೂರು ಬಾರಿ ಜೋಡಿಸಿದೆ. ಅತ್ತೆ "ಪಾತ್ರೆಗಳಿಗೆ ತಲೆ ತಿರುಗ್ತಿದೆ ಕಣೇ" ಎಂದರು. ಕಚೇರಿಗೂ ನಡೆದೇ ಹೋಗುತ್ತಿದ್ದೇನೆ. ಬಸ್ಸಿನಲ್ಲಿ ಕೂತರೆ ಕಾಲು ಸುಮ್ಮನಿರುವುದಿಲ್ಲ, ಪಕ್ಕದವರು ನೋಡುತ್ತಾರೆ.

ನಿನ್ನ ಪೆಟ್ಟಿಗೆ ಸತ್ತಿದ್ದರೆ ಸಾಯಲಿ, ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡ, ಗಡಿಯಾರದ ಹತ್ತಿರ ಬೈಸಿಕೊಳ್ಳಲೂ ಬೇಡ. ಮುಂದಿನ ಪರೀಕ್ಷೆಯಲ್ಲಿ ಏನು ಬರುತ್ತದೋ ನೋಡು. ಇಷ್ಟೇ ಹೇಳುತ್ತೇನೆ.

ಈ ತುದಿಯವಳು

ಫೆಬ್ರುವರಿ ೧೪

ಅತ್ತಿಗೆ,

ಒಪ್ಪಿದ್ದಕ್ಕೆ ಥ್ಯಾಂಕ್ಸ್. ನೀವು ಇಷ್ಟು ಬೇಗ ಒಪ್ಪುತ್ತೀರೆಂದು ಅಂದುಕೊಂಡಿರಲಿಲ್ಲ. ಉಣ್ಣೆಯ ಬಟ್ಟೆ ಆಗಲೇ ಬೇರೆ ಮಾಡಿದಿರಂತೆ. ಒಳ್ಳೆಯದೇ. ನನಗೇನೂ ಅನ್ನಿಸಿಲ್ಲ.

ಸರಿ, ಸುಳ್ಳು ಬರೆಯಲು ನನಗೆ ಬರುವುದಿಲ್ಲ. ಸ್ವಲ್ಪ ಅನ್ನಿಸಿತು. ಒಂದು ಸಲವಾದರೂ "ಯಾಕೆ, ಇಲ್ಲೇ ಇರಲಿ ಬಿಡು" ಎನ್ನುತ್ತೀರೇನೋ ಎಂದು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಇರಲಿ ಬಿಡಿ, ನಾನೇ ಕೇಳಿ ನಾನೇ ಮುಖ ಊದಿಸಿಕೊಂಡರೆ ಯಾರಿಗೆ ಏನು.

ಪೆಟ್ಟಿಗೆಯ ವಿಷಯ ಈಗ ಏನೂ ಹೇಳುವುದಿಲ್ಲ. ಮುಂದಿನ ಪರೀಕ್ಷೆಯಲ್ಲಿ ನೀವೇ ನೋಡಿ! ಕೈಬೆರಳೆಲ್ಲ ಸುಟ್ಟುಕೊಂಡಿದ್ದೇನೆ ಎಂದಷ್ಟೇ ಹೇಳಬಲ್ಲೆ. ನೀವು ರಾತ್ರಿ ನಿದ್ದೆ ಮಾಡುತ್ತಿಲ್ಲವೆಂದು ಅಮ್ಮ ಫೋನಿನಲ್ಲಿ ಪಿಸುಗುಟ್ಟಿದಳು. ನಿಮ್ಮ ಲೆಕ್ಕದ ಮೇಲೆ ಯಾರೂ ಬೆರಳು ತೋರಿಸದ ಹಾಗೆ ನಾನು ನೋಡಿಕೊಳ್ಳುತ್ತೇನೆ. ನಿದ್ದೆ ಮಾಡಿ.

ನಾದಿನಿ

ಮಾರ್ಚ್ ೩

ಆ ತುದಿಯವಳಿಗೆ,

ಎರಡನೆಯ ಪರೀಕ್ಷೆಯ ವರದಿ ಬಂತು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಪಲ್ಸು ಮೊದಲು ಎಷ್ಟು ಹರಡಿತ್ತೋ ಈಗಲೂ ಅಷ್ಟೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಇದು ಹೇಗೆ ಸಾಧ್ಯ ಎಂದು ಕುಳಿತು, ನಿಂತು, ನಡೆದು ಯೋಚಿಸಿದೆ. ಮುಖ್ಯಸ್ಥರ ಮುಂದೆ ಸಮೀಕರಣವನ್ನು ಮತ್ತೆ ಮೊದಲಿನಿಂದ ಬಿಡಿಸಿದೆ. ತಪ್ಪಿಲ್ಲ. ಗಾಜಿನ ಗುಣ ತಯಾರಕರು ಹೇಳಿದ್ದಕ್ಕಿಂತ ಬೇರೆಯೇ ಇರಬೇಕು. ಈ ತುದಿಯಲ್ಲಿ ಇನ್ನೊಂದಿಷ್ಟು ಬಿಗಿ ಮಾಡಿದ್ದೇನೆ. ಹತ್ತನೆಯ ತಾರೀಖು ಮತ್ತೆ ಬಿಡುತ್ತೇವೆ.

ಒಂದು ಎಡವಟ್ಟಾಗಿದೆ. ಅತ್ತೆಯ ಸೂಟ್‌ಕೇಸನ್ನು ಧೂಳು ಹೊಡೆಯಲು ಇಳಿಸಿದ್ದೆ. ನೋಡಿಬಿಟ್ಟರು. "ಯಾರು ಹೊರಟಿರೋದು?" ಎಂದರು. "ಧೂಳಿತ್ತು" ಎಂದೆ. ಅವರು ಆ ಸೂಟ್‌ಕೇಸನ್ನೇ ನೋಡುತ್ತ ಚಹಾ ಕುಡಿದರು. ಅಂದಿನಿಂದ ಇಸ್ಪೀಟಿನಲ್ಲಿ ಮೋಸ ಮಾಡುತ್ತಿಲ್ಲ. ಅದು ನನಗೆ ಬಹಳ ಭಯ ಹುಟ್ಟಿಸಿದೆ.

ಈ ತುದಿಯವಳು

ಮಾರ್ಚ್ ೧೨

ಮಾನ್ಯರೇ,

ನೀವು ಕೇಳಿದ ಹಾಗೆಯೇ ಸಂಬೋಧಿಸಿದ್ದೇನೆ. ಇನ್ನು ತೃಪ್ತಿಯೇ?

ಮೂರನೆಯ ಪರೀಕ್ಷೆ ಎರಡನೆಯದಕ್ಕಿಂತ ಕೆಟ್ಟಿದೆ. ಈ ಸಲ ನಾನು ಬರೀ ಅಗಲ ಅಳೆದು ಸುಮ್ಮನಾಗಲಿಲ್ಲ. ಒಳಗಿನ ಬಣ್ಣಗಳನ್ನು ಬಿಡಿಸಿ ಯಾವುದು ಮೊದಲು ಬಂತು, ಯಾವುದು ಆಮೇಲೆ ಬಂತು ಎಂದು ನೋಡಿದೆ. ಈ ಗಾಜಿನಲ್ಲಿ ನೀಲಿಯ ಕಡೆಯ ಬಣ್ಣ ಓಡುತ್ತದೆ, ಕೆಂಪಿನ ಕಡೆಯದು ಕಾಲೆಳೆಯುತ್ತದೆ. ಅದನ್ನು ನನಗೆ ಹೇಳಿಕೊಟ್ಟವರೇ ನೀವು. ಇಲ್ಲಿ ನೋಡಿದರೆ ಕೆಂಪು ಮುಂದೆ, ನೀಲಿ ಹಿಂದೆ! ಸತ್ತ ಪೆಟ್ಟಿಗೆಯನ್ನು ನಾನೇ ಬಿಚ್ಚಿ ಬೆಸೆದು ಬದುಕಿಸಿದ್ದೇನೆ, ನಮ್ಮ ಪ್ರಯೋಗಾಲಯದ ಗಾಜಿನ ಎಳೆಯ ಸುರುಳಿಯ ಮೇಲೆ ಹತ್ತಾರು ಸಲ ಪರೀಕ್ಷಿಸಿದ್ದೇನೆ, ಅದರಲ್ಲಿ ತಪ್ಪಿಲ್ಲ. ಗಾಜು ತಾನಾಗಿ ಬೆಳಕನ್ನು ಹೀಗೆ ತಿರುಗಾಮುರುಗಾ ಮಾಡುವುದಿಲ್ಲ. ಯಾರೋ ಬೇಕೆಂದೇ ಬಣ್ಣಗಳ ಸಾಲನ್ನು ತಿರುಗಿಸಿ, ಬೆಳಕನ್ನು ಬಾಗಿಸಿ ಕಳಿಸಿದ್ದಾರೆ. ಆ ತುದಿಯಲ್ಲಿ ಆ ಕೆಲಸ ಬರುವವರು ಒಬ್ಬರೇ.

ಲೈನು ಪಾಸಾಗದಿದ್ದರೆ ನನಗೆ ಮನೆ ಇಲ್ಲ. ಮನೆ ಇಲ್ಲದಿದ್ದರೆ ಅಮ್ಮ ಇಲ್ಲಿಗೆ ಬರುವ ಹಾಗಿಲ್ಲ. ಬಾಯಲ್ಲಿ "ನನ್ನದೇನೂ ಅಡ್ಡಿಯಿಲ್ಲ" ಎಂದವರು ಕೈಯಲ್ಲಿ ಇದನ್ನು ಮಾಡಿದಿರಿ. ಬೇಡ ಎಂದಿದ್ದರೆ ಬೇಡ ಎನ್ನಬಹುದಿತ್ತಲ್ಲ? ನನ್ನ ಅನ್ನದ ಮೇಲೆ ಕಲ್ಲು ಹಾಕಬೇಕಿತ್ತೇ?

ಎರಡು ಜಡೆ ಸೇರುವುದಿಲ್ಲ ಎಂದು ಜನ ಹೇಳುವಾಗ ನಾನು ಅವರ ಮೇಲೆ ಜಗಳಕ್ಕೆ ಹೋಗುತ್ತಿದ್ದೆ. ನನ್ನ ಅತ್ತಿಗೆ ಹಾಗಲ್ಲ ಎನ್ನುತ್ತಿದ್ದೆ.

ಪಡೆಯುವ ತುದಿ

ಮಾರ್ಚ್ ೨೧

ಪಡೆಯುವ ತುದಿಗೆ,

ಹೌದು, ನಾನೇ ಬಾಗಿಸಿದೆ. ಎರಡನೆಯ ಪರೀಕ್ಷೆಯಲ್ಲೂ ಬಾಗಿಸಿದೆ, ಮೂರನೆಯದರಲ್ಲಿ ಇನ್ನಷ್ಟು ಬಾಗಿಸಿದೆ. ಯಾಕೆಂದು ಕೇಳದೆ ತೀರ್ಪು ಬರೆದೆಯಲ್ಲ, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳೇ, ಈಗ ಓದು.

ನಿನ್ನ ಪೆಟ್ಟಿಗೆ ಸತ್ತಿದೆ ಎಂದು ನೀನು ಬರೆದೆ. ಬದುಕಿತು ಎಂದು ಬರೆಯಲಿಲ್ಲ. ನಿನ್ನ ಹುದ್ದೆ ಹೋದೀತೆಂದು ನಾನು ಲೆಕ್ಕದ ಹಾಳೆ ಹಿಡಿದು ಕೂತೆ. ಆದ್ದರಿಂದ ಕಾಲೆಳೆಯುವ ಬಣ್ಣವನ್ನು ಮೊದಲು, ಓಡುವ ಬಣ್ಣವನ್ನು ಆಮೇಲೆ ಬಿಟ್ಟೆ. ದಾರಿಯಲ್ಲಿ ಒಂದನ್ನೊಂದು ಹಿಡಿದು, ನಿನ್ನ ಬಾಗಿಲಿಗೆ ಬರುವಾಗ ಎಲ್ಲ ಒಟ್ಟಾಗಿರಲಿ, ನೀನು ಏನೂ ಮಾಡದಿದ್ದರೂ ಪಾಸಾಗಲಿ ಎಂದು. ಮುಖ್ಯಸ್ಥರಿಗೂ ಹೇಳಲಿಲ್ಲ, ಹೇಳಿದರೆ ನಿನ್ನ ತುದಿಯಿಂದ ಆಗಲಿಲ್ಲ ಎಂದು ಬರೆದುಕೊಳ್ಳುತ್ತಿದ್ದರು. ನಾನು ಇಲ್ಲಿ ಪೂರ್ತಿ ತಿದ್ದಿದೆ. ನೀನು ಅಲ್ಲಿ ಅದನ್ನೇ ಪೂರ್ತಿ ತಿದ್ದಿದೆ. ಎರಡು ತಿದ್ದುಪಡಿ ಸೇರಿ ಮೊದಲಿನಷ್ಟೇ ತಪ್ಪಾಯಿತು, ತಿರುಗುಮುರುಗಾಗಿ ಅಷ್ಟೆ. ಹರಡಿದ್ದು ಕಡಿಮೆಯಾಗಿಲ್ಲವೆಂದು ನಾನು ಇನ್ನೂ ಏರಿಸಿದೆ, ಇನ್ನೂ ಕೆಟ್ಟಿತು. ಸಮೀಕರಣದಲ್ಲಿ ತಪ್ಪಿರಲಿಲ್ಲ. ನಾವಿಬ್ಬರು ಅದರ ಎರಡು ಕಡೆ ನಿಂತಿದ್ದೇವೆ ಎಂಬುದು ಅದಕ್ಕೆ ಗೊತ್ತಿರಲಿಲ್ಲ.

ಇನ್ನೊಂದು. ಲೈನು ಪಾಸಾಗದಿರಲಿ ಎಂದು ಮನಸ್ಸಿನ ಮೂಲೆಯಲ್ಲೂ ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಅನ್ನಿಸಿತು. ಸೂಟ್‌ಕೇಸು ಇಳಿಸಿದ ದಿನ ಬಹಳ ಅನ್ನಿಸಿತು. ಆದರೂ ಕೈ ಸರಿಯಾದ ಲೆಕ್ಕವನ್ನೇ ಮಾಡಿತು. ನನಗೆ ಅತ್ತೆ ಬೇಕು. ಸಂಜೆ ಬಾಗಿಲು ತೆಗೆದಾಗ ಮನೆಯೊಳಗೆ ಅವರ ರೇಡಿಯೊ ಕೇಳಬೇಕು. ನೀನು ಮಗಳು, ಮಗಳ ಮುಂದೆ ಬಿಟ್ಟ ಸೊಸೆ ಯಾವ ಬಾಯಲ್ಲಿ "ಇಲ್ಲೇ ಇರಲಿ" ಎನ್ನಲಿ? ನಿನಗೆ ಬೇಕಾದ ಉತ್ತರ ಇದೇ ಇರಬೇಕು ಎಂದು ನಾನೇ ಊಹಿಸಿ, ಕೇಳುವ ಮೊದಲೇ ಒಪ್ಪಿಕೊಂಡೆ.

ಇವತ್ತು ನನ್ನ ತುದಿಯ ತಿದ್ದುಪಡಿಯನ್ನು ಪೂರ್ತಿ ತೆಗೆದುಹಾಕಿದ್ದೇನೆ. ಎಲ್ಲ ನೀನೇ ಮಾಡಿಕೋ. ಹೆಸರೂ ನಿನ್ನದೇ ಆಗಲಿ.

ಕಳಿಸುವ ತುದಿ

ಮಾರ್ಚ್ ೨೩

ಅತ್ತಿಗೇ,

ಹಿಂದಿನ ಕಾಗದವನ್ನು ಓದಬೇಡಿ. ಓದಿದ್ದರೆ ಹರಿದುಹಾಕಿ. ಹರಿದದ್ದನ್ನು ಒಲೆಗೆ ಹಾಕಿ.

ನಿಮ್ಮ ಮೇಲೆ ಮುಖ್ಯಸ್ಥರಿಗೆ ದೂರು ಬರೆಯಲು ಸಾಕ್ಷಿ ಬೇಕೆಂದು (ಹೌದು, ಅಷ್ಟು ದೂರ ಹೋಗಿದ್ದೆ) ಇಪ್ಪತ್ತನೆಯ ತಾರೀಖಿನ ಸಾಮಾನ್ಯ ಪರೀಕ್ಷೆಯ ಬೆಳಕನ್ನು ನನ್ನ ಪೆಟ್ಟಿಗೆ ದಾಟಿಸದೆ ನೇರ ನೋಡಿದೆ. ಏನು ಕಂಡಿತೆಂದುಕೊಂಡಿರಿ? ನೆಟ್ಟಗೆ, ಚೂಪಾಗಿ, ಒಂದಕ್ಕೊಂದು ತಾಗದೆ ನಿಂತ ಪಲ್ಸುಗಳು. ಸ್ವಲ್ಪವೇ ಅತಿಯಾಗಿತ್ತು, ನೀವು ಬಿಗಿ ಮಾಡಿದ್ದೆ ಎಂದಿರಲ್ಲ, ಅಷ್ಟು. ನಾನು ಅಲ್ಲೇ ಸ್ಟೂಲಿನ ಮೇಲೆ ಕುಸಿದೆ. ಗಡಿಯಾರ ಬಂದು "ಏನಾಯ್ತಮ್ಮ, ಹುಷಾರಿಲ್ವಾ?" ಎಂದು ಮೊದಲ ಸಲ ಮುಖ ನೋಡಿ ಕೇಳಿದರು. "ಪಲ್ಸು ಚೆನ್ನಾಗಿದೆ ಸಾರ್" ಎಂದು ಅತ್ತುಬಿಟ್ಟೆ. ಅವರು ಕೈಗಡಿಯಾರ ನೋಡಿಕೊಂಡು ಹೋದರು.

ನೀವು ನನಗಾಗಿ ಮಾಡಿದಿರಿ. ಒಂದು ಮಾತು ಹೇಳದೆ ಮಾಡಿದಿರಿ. ನಾನೂ ನಿಮಗಾಗಿ ಪೆಟ್ಟಿಗೆ ರಿಪೇರಿ ಮಾಡಿ, ಒಂದು ಮಾತು ಹೇಳದೆ, ಅದನ್ನು ಹಾಳುಮಾಡಿದೆ. ಬಾಯಿ ಬಿಟ್ಟಿದ್ದರೆ ಫೆಬ್ರುವರಿಯಲ್ಲೇ ಮುಗಿಯುತ್ತಿತ್ತು. ನಮ್ಮಂಥ ಬುದ್ಧಿವಂತರು ಇನ್ನೆಲ್ಲೂ ಸಿಗುವುದಿಲ್ಲ ಬಿಡಿ.

ಇವತ್ತೇ ನನ್ನ ಪೆಟ್ಟಿಗೆಯನ್ನು ಪೂರ್ತಿ ಆರಿಸಿದ್ದೇನೆ. ನಿಮ್ಮದು ಇರಲಿ. ಲೈನು ನಿಮ್ಮ ಕೈಯಲ್ಲೇ ಪಾಸಾಗಲಿ.

ತಪ್ಪಾಯಿತು. ತಪ್ಪಾಯಿತು. ತಪ್ಪಾಯಿತು. ಇದೂ ಮೂರು ಸಲ.

ನಾದಿನಿ

ಏಪ್ರಿಲ್ ೬

ನಾದಿನಿಗೆ,

ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿ ಹೋದವು. ನಾನು ನನ್ನದನ್ನು ಆರಿಸಿದೆ, ನೀನು ನಿನ್ನದನ್ನು ಆರಿಸಿದೆ, ನಾಲ್ಕನೆಯ ಪರೀಕ್ಷೆಯಲ್ಲಿ ಮತ್ತೆ ಒಣಗಲು ಹಾಕಿದ ಸೀರೆ! ವರದಿ ಓದುವಾಗ ನನಗೆ ನಗು ತಡೆಯಲಾಗಲಿಲ್ಲ. ಮುಖ್ಯಸ್ಥರು "ನಗೋದೇನಿದೆ ಇದ್ರಲ್ಲಿ?" ಎಂದು ಗದರಿದರು. ಎಲ್ಲ ಹೇಳಿಬಿಟ್ಟೆ. ವರದಿಯನ್ನು ಮುಚ್ಚಿಟ್ಟು, "ಇಬ್ರಲ್ಲಿ ಒಬ್ರು ಮಾಡಿ, ದಯವಿಟ್ಟು" ಎಂದರು.

ಯಾರು ಎಂದು ಯೋಚಿಸುತ್ತ ಮನೆಗೆ ನಡೆದೆ. ಮೂರನೆಯ ತೊಂದರೆ ನೆನಪಾಯಿತು. ಜೋರಾದ ಬೆಳಕು ಗಾಜನ್ನು ಬದಲಿಸುವುದು. ಈವರೆಗೆ ನಾನು ಅದನ್ನು ಸಣ್ಣದೆಂದು ಬದಿಗಿಟ್ಟಿದ್ದೆ. ಅರ್ಧ ಇಲ್ಲಿ, ಅರ್ಧ ಅಲ್ಲಿ ತಿದ್ದಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದೆ. ಆಗ ಪಲ್ಸು ನಡುದಾರಿಯಲ್ಲಿ ಮಾತ್ರ ಚೂಪಾಗುತ್ತದೆ. ಮೊದಲ ಅರ್ಧ ದಾರಿಯಲ್ಲಿ ಗಾಜು ಮಾಡಿದ ಕಿತಾಪತಿಯನ್ನು ಎರಡನೆಯ ಅರ್ಧ ಬಹುಪಾಲು ಅಳಿಸುತ್ತದೆ. ಒಬ್ಬರೇ ಪೂರ್ತಿ ಮಾಡುವುದಕ್ಕಿಂತ ಚೆನ್ನಾಗಿ ಬರಬೇಕು. ನಾಲ್ಕು ಸಲ ಲೆಕ್ಕ ಮಾಡಿದೆ, ನಿನ್ನ ಮೇಲಿನ ಸಿಟ್ಟಿನಿಂದ ಒಂದು ಸಲ ಜಾಸ್ತಿ.

ಆದ್ದರಿಂದ ನಾನು ಅರ್ಧ, ನೀನು ಅರ್ಧ. ಈ ಸಲ ಕಾಗದ ಕಾಯಬೇಡ. ಹದಿನೈದರಂದು ಬೆಳಗ್ಗೆ ಫೋನು ಮಾಡುತ್ತೇನೆ, ಪಲ್ಸು ಕಾಣುವವರೆಗೆ ಇಬ್ಬರೂ ಫೋನು ಇಡುವ ಹಾಗಿಲ್ಲ. ಜಗಳವಾದರೆ ಆಗಲಿ.

ತಪ್ಪಾಯಿತು ಎಂದು ಮೂರು ಸಲ ಬರೆದೆಯಲ್ಲ, ಒಂದು ಸಾಕಿತ್ತು.

ಈ ತುದಿಯವಳು

ಏಪ್ರಿಲ್ ೨೦

ಅತ್ತಿಗೆ,

ಫೋನಿನಲ್ಲಿ ನೀವೂ ಕಿರುಚಿದಿರಿ, ನಾನೂ ಕಿರುಚಿದೆ, ಆದರೆ ಬರವಣಿಗೆಯಲ್ಲಿ ಇರಲಿ ಎಂದು ಮತ್ತೆ ಬರೆಯುತ್ತಿದ್ದೇನೆ. ಪಾಸಾಯಿತು! ಅಂಥ ಪಲ್ಸನ್ನು ನಾನು ಪುಸ್ತಕದಲ್ಲೂ ನೋಡಿಲ್ಲ. ಗಡಿಯಾರ ಪರದೆಯನ್ನು ಎಷ್ಟು ಹೊತ್ತು ನೋಡಿದರೆಂದರೆ ಕೈಗಡಿಯಾರ ಮರೆತರು. ಹುದ್ದೆ ಕಾಯಂ. ಮನೆಯ ಬೀಗದ ಕೈ ನಿನ್ನೆ ಕೊಟ್ಟರು. ಎರಡು ಕೋಣೆ, ಒಂದು ಕಿಟಕಿ ರಸ್ತೆಗೆ, ಒಂದು ಕಿಟಕಿ ಪಕ್ಕದ ಮನೆಯ ಗೋಡೆಗೆ. ಅಮ್ಮನಿಗೆ ರಸ್ತೆಯದು.

ನಿಮ್ಮ ಮಾರ್ಚ್ ತಿಂಗಳ ಕಾಗದವನ್ನು ನಾನು ಹರಿದಿಲ್ಲ. ರೇಡಿಯೊದ ಮಾತನ್ನು ದಿನಕ್ಕೊಂದು ಸಲ ಓದುತ್ತೇನೆ. ನಿಮಗೆ ಅಮ್ಮ ಬೇಕು. ನನಗೂ ಬೇಕು. ಬೆಳಕಿಗೆ ಮಾಡಿದ್ದನ್ನೇ ಮಾಡೋಣ. ಆರು ತಿಂಗಳು ನಿಮ್ಮಲ್ಲಿ, ಆರು ತಿಂಗಳು ನನ್ನಲ್ಲಿ. ಅಮ್ಮನಿಗೆ ಹೇಳಿ ನೋಡಿ. ನನಗೆ ಧೈರ್ಯವಿಲ್ಲ.

ನಾದಿನಿ

ಮೇ ೪

ನಾದಿನಿಗೆ,

ಹೇಳಿದೆ. ಎಲ್ಲ ಹೇಳಿದೆ, ಸೂಟ್‌ಕೇಸಿನ ಧೂಳಿನಿಂದ ಹಿಡಿದು ಅರ್ಧ-ಅರ್ಧದವರೆಗೆ. ಅತ್ತೆ ಕೈಯಲ್ಲಿದ್ದ ಇಸ್ಪೀಟನ್ನು ಕವುಚಿಟ್ಟರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ನಮ್ಮಿಬ್ಬರ ಔದಾರ್ಯದಲ್ಲಿ ಅತ್ತೆಯ ಮುಖ ಬಡವಾಗಿತ್ತು.

ಮಾರನೆಯ ದಿನ ಬೆಳಗ್ಗೆ ನನ್ನನ್ನು ಕೂಗಿ ಹಾಳೆ, ಪೆನ್ನು, ಲಕೋಟೆ, ಗೋಂದು ಕೇಳಿದರು. ಬೀರುವಿನ ಬೀಗದ ಕೈಯನ್ನೂ ಕೇಳಿದರು. ಯಾಕೆ ಎಂದೆ. "ನನ್ನ ಉಣ್ಣೆ ಬಟ್ಟೆ ಬೇರೆ ಮಾಡಿದ್ದೀಯಂತಲ್ಲ, ನೋಡ್ಬೇಕು" ಎಂದರು. ಬಾಗಿಲು ಹಾಕಿಕೊಂಡು ಬರೆದರು. ಲಕೋಟೆಗೆ ಎಷ್ಟು ಗೋಂದು ಹಚ್ಚಿದ್ದಾರೆಂದರೆ ನೀನು ಕತ್ತರಿ ಹಿಡಿಯಬೇಕಾಗುತ್ತದೆ. "ನೀನು ಓದೋ ಹಾಗಿಲ್ಲ, ಅವಳು ಮೊದಲು ಓದ್ಲಿ" ಎಂದು ಕೈಗೆ ಕೊಟ್ಟರು. ಇದರೊಳಗೇ ಇಟ್ಟಿದ್ದೇನೆ.

ಏನು ಬರೆದಿದ್ದಾರೋ. ಕಚೇರಿಯಲ್ಲಿ ಕೂಡಿಸುವುದನ್ನು ಕಳೆಯುತ್ತಿದ್ದೇನೆ. ನಿನ್ನಲ್ಲಿಗೇ ಬರುತ್ತೇನೆಂದು ಬರೆದಿದ್ದರೂ ಸರಿ, ಮುಚ್ಚಿಡಬೇಡ. ಬೇಗ ಬರೆ.

ಈ ತುದಿಯವಳು

ಮೇ ೧೫

ಅತ್ತಿಗೆ,

ಕತ್ತರಿ ಸಾಲಲಿಲ್ಲ, ಬ್ಲೇಡು ಬೇಕಾಯಿತು. ನನ್ನ ಮಾತು ಏನೂ ಸೇರಿಸುವುದಿಲ್ಲ. ಅಮ್ಮ ಬರೆದದ್ದನ್ನು ಇದ್ದ ಹಾಗೇ ಇಳಿಸುತ್ತಿದ್ದೇನೆ.

"ಮಗಳೇ, ಕೈ ನಡುಗುತ್ತೆ, ಅಕ್ಷರ ನೋಡಿ ನಗಬೇಡ. ನೀವಿಬ್ಬರೂ ಸೇರಿ ಬೆಳಕನ್ನ ಅರ್ಧ ಅರ್ಧ ಮಾಡಿ ಗೆದ್ದಿರಂತೆ, ಸಂತೋಷ. ನನ್ನನ್ನ ಅರ್ಧ ಮಾಡಬೇಡಿ. ನನಗೆ ಮಂಡಿ ನೋವು. ಜನವರಿಯಿಂದ ಅವಳು ನಿನಗೆ ಬಿಟ್ಟುಕೊಟ್ಟಳು, ನೀನು ಅವಳ ಹೆಗಲು ಹಗುರ ಮಾಡೋಕೆ ಹೋದೆ. ಅಮ್ಮಾ ನಿನಗೆಲ್ಲಿ ಇಷ್ಟ ಅಂತ ಯಾರಾದ್ರೂ ಕೇಳಿದ್ರಾ? ಕೇಳಿದ್ರೆ ಆವತ್ತೇ ಹೇಳ್ತಿದ್ದೆ. ನಾನು ಇಲ್ಲೇ ಇರೋದು. ಇವಳನ್ನ ಬಿಟ್ಟುಹೋದವನು ನನ್ನ ಮಗ, ನಾನಲ್ಲ. ಬೀರು ತೆಗೆದು ಆ ಕೋರ್ಟಿನ ಕಾಗದ ಕನ್ನಡಕ ಹಾಕ್ಕೊಂಡು ಪೂರ್ತಿ ಓದಿದೆ. ಅವನಿಗೆ ಹೆಂಡತಿ ಇಲ್ಲ ಅಂತ ಬರೆದಿದೆ. ನನಗೆ ಸೊಸೆ ಇಲ್ಲ ಅಂತ ಎಲ್ಲೂ ಬರೆದಿಲ್ಲ. ನಿನಗೆ ಅತ್ತಿಗೆ ಇಲ್ಲ ಅಂತಾನೂ ಬರೆದಿಲ್ಲ. ಇದನ್ನ ಅವಳ ಮುಂದೆ ಹೇಳೋಕೆ ಹೋದ್ರೆ ನನಗೂ ಅಳು, ಅವಳಿಗೂ ಅಳು, ಅದಕ್ಕೇ ನಿನಗೆ ಬರೆದೆ, ನೀನು ಅವಳಿಗೆ ಬರಿ. ರಜೆಗೆ ನಿನ್ನ ಮನೆಗೆ ಬರ್ತೀವಿ, ಇಬ್ಬರೂ. ರಸ್ತೆ ಕಿಟಕಿ ಕೋಣೆ ನನಗೆ. ನೀವಿಬ್ಬರೂ ಗೋಡೆ ನೋಡ್ಕೊಂಡು ಗೊಣಗಿಕೊಳ್ಳಿ."

ಇಷ್ಟೇ. ನಾನು ತುಂಬ ಅತ್ತುಬಿಟ್ಟೆ. ಗೋಡೆಯ ಕೋಣೆಗೆ ಎರಡು ಮಂಚ ಹೇಳಿದ್ದೇನೆ.

ನಾದಿನಿ

ಮೇ ೨೬

ನಾದಿನಿಗೆ,

ನಿನ್ನ ಕಾಗದ ಬಂದಾಗ ಅತ್ತೆ ಎದುರಿಗೇ ಕೂತು ಇಸ್ಪೀಟು ಹಂಚುತ್ತಿದ್ದರು. ಓದಿ ಮುಗಿಸುವವರೆಗೆ ಕಿಟಕಿಯ ಹೊರಗೆ ನೋಡಿದರು. ಆಮೇಲೆ, ಏನೂ ಗೊತ್ತಿಲ್ಲದವರ ಹಾಗೆ, "ಏನಂತೆ?" ಎಂದರು.

"ಮಂಚ ಹೇಳಿದ್ದಾಳಂತೆ" ಎಂದೆ.

"ಸರಿ, ಆಟ ಆಡು" ಎಂದರು.

ಕಣ್ಣು ತುಂಬಿ ಎಲೆಗಳು ಕಾಣುತ್ತಿರಲಿಲ್ಲ. ಅದೇ ಸಮಯ ನೋಡಿ ಅವರು ಕಟ್ಟಿನ ಕೆಳಗಿನಿಂದ ಒಬ್ಬ ರಾಜನನ್ನು ಎಳೆದುಕೊಂ‌ಡು ಗೆದ್ದರು. ನಾನು ನೋಡಿದೆ. ಸುಮ್ಮನಿದ್ದೆ.

ರೈಲಿಗೆ ಎರಡು ಟಿಕೆಟ್ ತೆಗೆಸಿದ್ದೇನೆ, ಇಬ್ಬರಿಗೂ ಕೆಳಗಿನ ಬರ್ತು ಸಿಕ್ಕಿದೆ. ಜೂನ್ ಹನ್ನೆರಡರಂದು ಬೆಳಗ್ಗೆ ಸ್ಟೇಷನ್ನಿಗೆ ಬಾ. ತಡ ಮಾಡಿದರೆ ಅಲ್ಲೇ ಜಗಳ.

ಇತಿ,
ನಿನ್ನ ಅತ್ತಿಗೆ